ಒಂದೇ ವಾಕ್ಯಕ್ಕೆ ಮೂರು ಥರದ ಚೀಟಿ: ಟ್ಯಾಗ್‌ಸೆಟ್ ಡ್ರೈವರ್ ಅಂದ್ರೇನು?

"ರಟ್ಟೀಹಳ್ಳಿಗೆ ಹೋಗೋ ಬಸ್ಸು ಎಲ್ಲಿ ನಿಂದ್ರತೈತಿ ಅಂತ ಕೇಳಿದ."

ಹಾವೇರಿ ಕಡೆಯ ಇಂಥ ಮಾತನ್ನು ಕಂಪ್ಯೂಟರಿಗೆ ಕಲಿಸಬೇಕಂದ್ರೆ, ಮೊದಲು ಪ್ರತಿ ಪದಕ್ಕೂ ನಾಮಪದ, ಕ್ರಿಯಾಪದ ಅಂತ ಒಂದೊಂದು ಚೀಟಿ ಅಂಟಿಸಬೇಕು. ಆ ಚೀಟಿಗಳ ಪಟ್ಟಿಯೇ ಟ್ಯಾಗ್‌ಸೆಟ್. ಆದರೆ ಪಟ್ಟಿ ಒಂದೇ ಅಲ್ಲ. ಹೈದರಾಬಾದಿನ ಐಐಐಟಿಯವರು ಭಾರತೀಯ ಭಾಷೆಗಳಿಗಾಗಿ ಮಾಡಿದ್ದು ಒಂದು, ಬಿಐಎಸ್ ಪಟ್ಟಿ ಇನ್ನೊಂದು, ಎಲ್ಲ ಭಾಷೆಗೂ ಸಲ್ಲಲಿ ಅಂತ ಹೊರಟ ಯೂನಿವರ್ಸಲ್ ಡಿಪೆಂಡೆನ್ಸೀಸ್‌ನ 17 ಚೀಟಿಗಳು ಮತ್ತೊಂದು. ಕನ್ನಡದಲ್ಲಿ ಕೈಯಿಂದ ಚೀಟಿ ಹಚ್ಚಿದ ಪಠ್ಯ ಮೊದಲೇ ಕಡಿಮೆ. ಅದೂ ಹೀಗೆ ಹಂಚಿಹೋದರೆ ಒಟ್ಟು ಸೇರಿಸಿ ಮಾಡೆಲ್ ತರಬೇತಿ ಮಾಡೋದು ಕಷ್ಟ.

ಪ್ರತಿ ಜೋಡಿಗೂ ಪರಿವರ್ತಕ ಬರೆಯೋಣ ಅಂದ್ರೆ, 5 ಪಟ್ಟಿಗೆ 20 ಪ್ರೋಗ್ರಾಂ ಬೇಕು. ಆರನೆಯದು ಬಂದರೆ ಇನ್ನೂ 10. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ಡ್ಯಾನಿಯಲ್ ಝೆಮನ್ 2008ರಲ್ಲಿ ಮಂಡಿಸಿದ ಇಂಟರ್‌ಸೆಟ್ ಇದಕ್ಕೆ ಚೊಕ್ಕ ದಾರಿ. ನಡುವೆ ವ್ಯಾಕರಣ ಲಕ್ಷಣಗಳ ಒಂದು ಸಾಮಾನ್ಯ ಕೋಷ್ಟಕ. ಪ್ರತಿ ಪಟ್ಟಿಗೂ ಒಂದೇ ಡ್ರೈವರ್. ಅದರ 'ಡಿಕೋಡ್' ಚೀಟಿಯನ್ನು ಲಕ್ಷಣಗಳಾಗಿ ಬಿಡಿಸುತ್ತೆ, 'ಎನ್‌ಕೋಡ್' ಲಕ್ಷಣಗಳಿಂದ ಚೀಟಿ ಕಟ್ಟುತ್ತೆ. ಪ್ರಿಂಟರ್ ಡ್ರೈವರ್ ಇದ್ದಂಗೆ ಅಂದುಕೊಳ್ಳಿ. ಕೋಡ್ ಪರ್ಲ್‌ನಲ್ಲಿದೆ, ನಮ್ಮ ಬ್ಯಾಚಿನಲ್ಲಿ ಪರ್ಲ್ ಮುಟ್ಟಿದವರನ್ನ ಹುಡುಕಬೇಕು, ಅದು ಬೇರೆ ಮಾತು.

ಕೋಡ್ ಬರೆಯೋದು ಸುಲಭ, ತೀರ್ಮಾನ ಮಾಡೋದು ಕಷ್ಟ. ಮೇಲಿನ ವಾಕ್ಯದ 'ಅಂತ' ನೋಡಿ. ಐಐಐಟಿ ಪಟ್ಟಿಯಲ್ಲಿ ಅದಕ್ಕೆ 'ಯುಟಿ' ಅನ್ನೋ ಪ್ರತ್ಯೇಕ ಚೀಟಿ ಇದೆ. ಬಿಐಎಸ್‌ನಲ್ಲಿ ಅದು ಅಧೀನ ಸಂಯೋಜಕದ ಒಂದು ಉಪಜಾತಿ. ಇಲ್ಲಿ ಜಗಳ ಇಲ್ಲ. ಆದರೆ 'ಎಲ್ಲಿ'? ಐಐಐಟಿಯಲ್ಲಿ ಯಾರು, ಯಾವ, ಎಲ್ಲಿ ಎಲ್ಲಕ್ಕೂ ಒಂದೇ 'ಡಬ್ಲ್ಯೂಕ್ಯೂ'. ಯೂನಿವರ್ಸಲ್ ಪಟ್ಟಿಗೆ ಹೋದರೆ 'ಯಾರು' ಸರ್ವನಾಮ, 'ಯಾವ' ನಿರ್ಧಾರಕ, 'ಎಲ್ಲಿ' ಕ್ರಿಯಾವಿಶೇಷಣ. ಚೀಟಿ ಒಂದನ್ನೇ ನೋಡಿ ಇದನ್ನ ಹೇಳೋಕಾಗಲ್ಲ, ಪದವನ್ನೂ ನೋಡಬೇಕು.

ಇನ್ನು 'ಕೇಳಿದ'. ಇಲ್ಲಿ ವಾಕ್ಯ ಮುಗಿಸೋ ಪೂರ್ಣ ಕ್ರಿಯಾಪದ. 'ಕೇಳಿದ ಮಾತು' ಅಂದಾಗ ಕೃದಂತ. ಬರೆದಾಗ ಎರಡೂ ಒಂದೇ. ಐಐಐಟಿ ಪಟ್ಟಿಯಲ್ಲಿ ಎರಡಕ್ಕೂ 'ವಿಎಂ', ಅಂದರೆ ಮುಖ್ಯ ಕ್ರಿಯಾಪದ ಅಷ್ಟೇ. ಪೂರ್ಣವೋ ಅಪೂರ್ಣವೋ ಅನ್ನೋದು ಪದದ ಚೀಟಿಯಲ್ಲಿಲ್ಲ, ಪದಗುಚ್ಛದ ಚೀಟಿಯಲ್ಲಿದೆ. ಬಿಐಎಸ್‌ನಲ್ಲಿ ಆ ಭೇದ ಪದದ ಮಟ್ಟದಲ್ಲೇ ಇದೆ. ಹಾಗಾಗಿ ಬಿಐಎಸ್‌ನಿಂದ ಐಐಐಟಿಗೆ ಬರೋದು ಇಳಿಜಾರು. ವಾಪಸ್ ಹೋಗಬೇಕಾದರೆ ಗುಚ್ಛದ ಚೀಟಿ ಕೈಯಲ್ಲಿರಬೇಕು. ಅದಿಲ್ಲದೆ ಡ್ರೈವರ್ ಎಲ್ಲಕ್ಕೂ 'ಪೂರ್ಣ' ಅಂತ ಒತ್ತಿಬಿಟ್ಟರೆ, 'ಹೋಗೋ ಬಸ್ಸು'ಗಳೆಲ್ಲ ತಪ್ಪಾಗುತ್ತವೆ, ಮಾಡೆಲ್ ಆ ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತೆ. ಗೊತ್ತಿಲ್ಲದ ಲಕ್ಷಣವನ್ನು ಖಾಲಿ ಬಿಡೋದೇ ವಾಸಿ ಅಂತ ನಮ್ಮ ಅಭಿಪ್ರಾಯ.

ಡ್ರೈವರ್ ಸರಿಯಿದೆಯಾ ಅಂತ ನೋಡೋಕೆ ಒಂದು ಸರಳ ಪರೀಕ್ಷೆ ಇದೆ: ಪಟ್ಟಿಯ ಪ್ರತಿ ಚೀಟಿಯನ್ನೂ ಡಿಕೋಡ್ ಮಾಡಿ, ಮತ್ತೆ ಅದೇ ಪಟ್ಟಿಗೆ ಎನ್‌ಕೋಡ್ ಮಾಡಿದರೆ ಮೊದಲಿನದ್ದೇ ಬರಬೇಕು. ಸಾಮಾನ್ಯ ಕೋಷ್ಟಕದಲ್ಲಿ ಜಾಗ ಸಿಗದ ಭೇದಗಳಿಗೆ 'ಅದರ್' ಅನ್ನೋ ಒಂದು ಖಾನೆ ಇದೆ. ಆದರೆ ಬೇರೆ ಪಟ್ಟಿಯ ಡ್ರೈವರ್‌ಗೆ ಆ ಖಾನೆ ಅರ್ಥವಾಗಲ್ಲ, ಆದ್ದರಿಂದ ಅದನ್ನ ಗೋಣಿಚೀಲ ಮಾಡಿಕೊಳ್ಳಬೇಡಿ. ಕೈ ಹಚ್ಚೋರಿಗೆ, ಇಂಟರ್‌ಸೆಟ್‌ನಲ್ಲಿರೋ ತೆಲುಗು ಡ್ರೈವರ್ ಒಳ್ಳೆಯ ಮಾದರಿ.