ಮನೆಯ ಗಣಕದಲ್ಲೇ ಒಂದು ಸರ್ವರ್
(ಸತ್ವಾದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈ ನಾಡಿನ ಬಿಸಿಲು ನಮ್ಮ ಮಕ್ಕಳನ್ನು ಮನೆಯೊಳಗೇ ಕೂರಿಸುತ್ತದೆ. ಶಾಲೆಗೆ ರಜೆ, ಊರಿಗೆ ಹೋಗಲಾಗದ ಕುಟುಂಬಗಳಲ್ಲಿ ಗಣಕಯಂತ್ರವೇ ಅವರ ಸಂಗಾತಿ. ಮಗು ಪ್ರೋಗ್ರಾಮಿಂಗ್ ಕಲಿಯಬೇಕಾದರೆ ಅಂತರಜಾಲದಲ್ಲಿ ಸ್ಥಳವನ್ನು ಬಾಡಿಗೆಗೆ ಹಿಡಿಯಬೇಕಲ್ಲವೆ, ಅದು ಬರೆದುದನ್ನೆಲ್ಲ ಅಪರಿಚಿತರು ನೋಡುವುದಿಲ್ಲವೆ ಎಂಬುದು ತಂದೆತಾಯಂದಿರ ಆತಂಕ. ಬಾಡಿಗೆಯೂ ಬೇಡ, ಆ ಭಯವೂ ಬೇಡ. ಮನೆಯ ಗಣಕವನ್ನೇ ಸರ್ವರ್ ಆಗಿಸುವ ಬಗೆಯನ್ನು ನಾವಿಲ್ಲಿ ವಿವರಿಸಬಯಸುತ್ತೇವೆ.

ಸರ್ವರ್ ಎಂದೊಡನೆ ತಂಪುಕೋಣೆಯ ಭಾರೀ ಯಂತ್ರಗಳು ಕಣ್ಣಮುಂದೆ ನಿಲ್ಲುತ್ತವೆ. ಆದರೆ 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ನಡೆಸಿದ ಮೊತ್ತಮೊದಲ ವೆಬ್ ಸರ್ವರ್ ಮೇಜಿನ ಮೇಲಿಡುವಂಥ ಒಂದು ನೆಕ್ಸ್ಟ್ ಗಣಕವಾಗಿತ್ತು. ಯಾರೂ ಅದನ್ನು ಆರಿಸಬಾರದೆಂದು ಕೈಬರಹದ ಚೀಟಿಯೊಂದನ್ನು ಅದಕ್ಕೆ ಅಂಟಿಸಿದ್ದರು. ಸರ್ವರ್ ಎಂಬುದು ಯಂತ್ರದ ಗಾತ್ರವನ್ನಲ್ಲ, ಅದು ಮಾಡುವ ಕೆಲಸವನ್ನು ಸೂಚಿಸುವ ಹೆಸರು.

ಆ ಕೆಲಸವನ್ನು ತಿಳಿಯಲು ಸತ್ವಾದ ದರ್ಜಿ ಅಂಗಡಿಗಳಿಗಿಂತ ಒಳ್ಳೆಯ ಪಾಠವಿಲ್ಲ. ಗ್ರಾಹಕ ಚೀಟಿ ನೀಡುತ್ತಾನೆ. ದರ್ಜಿ ಒಳಗಿನಿಂದ ಉಡುಪನ್ನು ತಂದುಕೊಡುತ್ತಾನೆ. ಬ್ರೌಸರ್ ಗ್ರಾಹಕ, ಸರ್ವರ್ ದರ್ಜಿ, ಪುಟವೇ ಉಡುಪು. 127.0.0.1 ಎಂಬುದು ಕಟ್ಟಡದ ವಿಳಾಸ. 'ಈ ಗಣಕವೇ' ಎಂದು ಅದರ ಅರ್ಥ, ಲೋಕಲ್‌ಹೋಸ್ಟ್ ಎಂಬುದು ಅದರ ಇನ್ನೊಂದು ಹೆಸರು. ಪೋರ್ಟ್ ಎಂಬುದು ಅಂಗಡಿಯ ಸಂಖ್ಯೆ. ವೆಬ್ ಸರ್ವರಿಗೆ ರೂಢಿಯಲ್ಲಿ 80. ಬೇರೊಂದು ತಂತ್ರಾಂಶ ಆಗಲೇ ಅಲ್ಲಿ ಕುಳಿತಿದ್ದರೆ ನಮ್ಮ ಸರ್ವರ್ ಆರಂಭವಾಗದು. ಆಗ 8080ಕ್ಕೆ ಬದಲಾಯಿಸಿದರೆ ಸಾಕು.

ಆರಂಭಿಕರಿಗೆ ಝ್ಯಾಂಪ್ ಎಂಬ ಉಚಿತ ತಂತ್ರಾಂಶ ಅನುಕೂಲ. ಅಪಾಚೆ ಸರ್ವರ್, ಪಿಎಚ್‌ಪಿ ಭಾಷೆ, ಮಾರಿಯಾಡಿಬಿ ದತ್ತಸಂಚಯ ಒಂದೇ ಕಂತೆಯಲ್ಲಿ ಬರುತ್ತವೆ. ಬರೆದ ಕಡತಗಳನ್ನು ಎಚ್‌ಟಿಡಾಕ್ಸ್ ಎಂಬ ಫೋಲ್ಡರಿನಲ್ಲಿಟ್ಟು, ಅಪಾಚೆಯನ್ನು ಚಾಲೂ ಮಾಡಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಟೈಪಿಸಿ ಕಡತದ ಹೆಸರನ್ನು ಸೇರಿಸಬೇಕು. ಪಿಎಚ್‌ಪಿ ಕಡತವನ್ನು ಸರ್ವರಿನ ಮೂಲಕವಲ್ಲದೆ ನೇರವಾಗಿ ತೆರೆದರೆ ಅದು ನಡೆಯುವುದಿಲ್ಲ, ಏಕೆಂದರೆ ಬ್ರೌಸರಿಗೆ ಪಿಎಚ್‌ಪಿ ತಿಳಿಯದು. ಸರ್ವರ್ ಅದನ್ನು ನಡೆಸಿ, ಬಂದ ಫಲವನ್ನಷ್ಟೇ ಬ್ರೌಸರಿಗೆ ಕಳುಹಿಸುತ್ತದೆ. ಎರಡೂ ರೀತಿಯಲ್ಲಿ ತೆರೆದು ನೋಡಿದ ಮಗುವಿಗೆ ಸರ್ವರ್ ಏಕೆ ಬೇಕೆಂದು ಬಾಯಲ್ಲಿ ಹೇಳಬೇಕಾಗಿಲ್ಲ.

ಮೊದಲ ಪುಟ ಕನ್ನಡದಲ್ಲೇ ಇರಲಿ ಎಂಬುದು ನಮ್ಮ ಆಗ್ರಹ. ಇಲ್ಲಿ ಬೆಳೆಯುವ ಅನೇಕ ಮಕ್ಕಳು ಕನ್ನಡ ಮಾತಾಡಬಲ್ಲರು, ಓದಲಾರರು. ದುಬೈಯ ಕನ್ನಡ ಪಾಠಶಾಲೆಯಂಥ ಪ್ರಯತ್ನಗಳು ಲಿಪಿ ಕಲಿಸುತ್ತಿವೆ. ಕಲಿತ ಲಿಪಿಗೆ ಬಳಕೆಯ ಜಾಗ ಬೇಕಲ್ಲ! ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ, ಪುಟದ ತಲೆಭಾಗದಲ್ಲಿಯೂ ಹಾಗೆಂದು ಘೋಷಿಸಬೇಕು. ಇಲ್ಲವಾದರೆ ಅಕ್ಷರಗಳು ಕಲಸಿಹೋಗಬಹುದು. ಅನಂತರ 'ಕನ್ನಡ' ಎಂಬ ಪದದ ಉದ್ದವನ್ನು ಪಿಎಚ್‌ಪಿಗೆ ಕೇಳಲಿ. ಸಾಮಾನ್ಯ ಆಜ್ಞೆ 15 ಎನ್ನುತ್ತದೆ, ಬಹುಭಾಷೆಗಳಿಗಾಗಿ ಇರುವ ಆಜ್ಞೆ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಯುನಿಕೋಡಿನಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳಿವೆ. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟುಗಳು. ಒತ್ತಕ್ಷರ ಹೇಗಾಗುತ್ತದೆಂಬ ವ್ಯಾಕರಣವೂ ಗಣಕದ ಲೆಕ್ಕವೂ ಇಲ್ಲಿ ಒಂದೇ ಪಾಠವಾಗುತ್ತವೆ. ಇಂಗ್ಲಿಷ್ ಪದದಿಂದ ಆರಂಭಿಸಿದ ಮಗುವಿಗೆ ಈ ಪ್ರಶ್ನೆಯೇ ಎದುರಾಗದು.

ತಂದೆಯವರು ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಾಗದಪತ್ರಗಳಿದ್ದರೆ ಅವನ್ನು ಹಾಗೆಯೇ ಪುಟಕ್ಕೆ ಹಾಕಲಾಗದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು.

ಎಚ್ಚರಿಕೆಯ ಮಾತೊಂದಿದೆ. ಝ್ಯಾಂಪ್ ಕಲಿಕೆಗೆಂದು ಸಡಿಲವಾಗಿ ಸಿದ್ಧಪಡಿಸಿದ ಕಂತೆ; ಅದರ ದತ್ತಸಂಚಯದ ಮುಖ್ಯ ಖಾತೆಗೆ ಆರಂಭದಲ್ಲಿ ಗುಪ್ತಪದವೇ ಇರುವುದಿಲ್ಲ. ಆದುದರಿಂದ ರೂಟರಿನಲ್ಲಿ ಹೊರಗಿನವರಿಗೆ ದಾರಿ ತೆರೆಯಬಾರದು. ಕೆಲಸ ಮುಗಿದೊಡನೆ ಸರ್ವರನ್ನು ನಿಲ್ಲಿಸಬೇಕು. ನಂಬಿಕೆಯ ವೈಫೈ ಇರುವ ಮನೆಯಲ್ಲಿ ಫೈರ್‌ವಾಲಿನ ಅನುಮತಿಯೊಡನೆ ಅಮ್ಮನ ಫೋನಿನಲ್ಲಿಯೂ ಪುಟವನ್ನು ನೋಡಬಹುದು. ಆಗ 127.0.0.1 ಎಂದು ಕೊಟ್ಟರೆ ಫೋನು ತನ್ನೊಳಗೇ ಹುಡುಕುತ್ತದೆ. ಗಣಕಕ್ಕೆ ರೂಟರ್ ನೀಡಿರುವ, ಸಾಮಾನ್ಯವಾಗಿ 192.168 ಎಂದು ತೊಡಗುವ ವಿಳಾಸವನ್ನು ಕೊಡಬೇಕು. ಊರಿನಲ್ಲಿರುವ ಅಜ್ಜಿಗೆ ಮಾತ್ರ ಈ ಪುಟ ತೆರೆಯದು. ಅವರಿಗೆ ಪರದೆಯ ಚಿತ್ರವೊಂದನ್ನು ತೆಗೆದು ಕಳುಹಿಸಿ.