ಇಂಗ್ಲಿಷ್ ಮಾತಿಗೆ ಒರೆಗಲ್ಲು

ರಾಜಾಜಿನಗರದ ಒಂದು ಮನೆಯಲ್ಲಿ ಮಗನ ಉದ್ಯೋಗದ ಅರ್ಜಿ ಸಿದ್ಧವಾಗುತ್ತಿದೆ ಎಂದಿಟ್ಟುಕೊಳ್ಳಿ. ‘ಐ ಪಾಸ್ಡ್ ಔಟ್ ಇನ್ 2023’ ಎಂದು ಅವನು ಬರೆದಿದ್ದಾನೆ. ವ್ಯಾಸಂಗ ಮುಗಿಸಿ ಹೊರಬಂದೆನೆಂಬುದು ಅವನ ಭಾವ. ಬೆಂಗಳೂರಿನ ಕಚೇರಿಯಲ್ಲಿ ಇದನ್ನು ಓದಿದವರಿಗೆ ಅರ್ಥವಾದೀತು. ಅದೇ ಅರ್ಜಿ ಲಂಡನ್ನಿಗೆ ಹೋದರೆ? ಈ ತರುಣ ಆ ವರ್ಷ ಮೂರ್ಛೆ ಹೋಗಿದ್ದನೆಂದು ಅಲ್ಲಿಯವರು ಬೆರಗಾದಾರು! ತರಬೇತಿ ಮುಗಿಸಿದ ಸೈನಿಕರ ವಿಷಯದಲ್ಲಿ ಆ ಮಾತು ಅಲ್ಲಿಯೂ ಸಲ್ಲುತ್ತದೆ. ಉಳಿದಂತೆ ಅದರ ರೂಢಿಯ ಅರ್ಥ ಮೂರ್ಛೆಯೇ. ‘ಗ್ರಾಜುಯೇಟೆಡ್’ ಎಂದಿದ್ದರೆ ಎಲ್ಲಿಯೂ ಗೊಂದಲವಿಲ್ಲ.

ಇಂತಹ ತೊಡಕುಗಳಿಗೆ ಅಜ್ಞಾನವೇ ಕಾರಣವೆನ್ನಲಾಗದು. ಕನ್ನಡದಲ್ಲಿ ಯೋಚಿಸುವ ಮನಸ್ಸು ಇಂಗ್ಲಿಷನ್ನೂ ಕನ್ನಡದ ಅಚ್ಚಿನಲ್ಲಿಯೇ ಎರಕ ಹೊಯ್ಯುತ್ತದೆ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬಲ್ಲಿಯ ‘ಬಗ್ಗೆ’ಯು ‘ಡಿಸ್ಕಸ್ಡ್ ಅಬೌಟ್’ ಎಂದು ಇಳಿಯುತ್ತದೆ. ಇಂಗ್ಲಿಷಿಗೆ ಆ ‘ಅಬೌಟ್’ ಬೇಡ. ‘ಇಂದು ಬೆಳಿಗ್ಗೆ’ ಎಂಬುದು ‘ಟುಡೇ ಮಾರ್ನಿಂಗ್’ ಆಗುತ್ತದೆ. ಅಲ್ಲಿಯ ರೂಢಿ ‘ದಿಸ್ ಮಾರ್ನಿಂಗ್’.

ಹಾಗೆಂದು ನಮ್ಮವರ ಮಾತೆಲ್ಲವೂ ತಪ್ಪಲ್ಲ. ಗೊತ್ತುಪಡಿಸಿದ ದಿನವನ್ನು ಮುಂಚಿತಗೊಳಿಸುವುದಕ್ಕೆ ಇಲ್ಲಿ ಬಳಕೆಯಾಗುವ ‘ಪ್ರಿಪೋನ್’ ಎಂಬ ಪದ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿಯೂ ಸ್ಥಾನ ಪಡೆದಿದೆ. ಆದರೆ ಪರದೇಶದ ಓದುಗನಿಗೆ ಅದು ಇನ್ನೂ ಅಪರಿಚಿತವಾಗಿರಬಹುದು. ಆದ್ದರಿಂದ, ಸರಿಯೇ ಎಂಬ ಪ್ರಶ್ನೆಯೊಡನೆ, ಓದುವವನಿಗೆ ತಿಳಿಯುವುದೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಕೆಂಗೇರಿಗೆ ಸಮೀಪದ ಜ್ಞಾನಭಾರತಿ ಆವರಣದಲ್ಲಿ, 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡುವುದು ಅದರ ಕಾರ್ಯ. ಗೃಹಸ್ಥರಿಗಾದರೋ ಮನೆಯಲ್ಲಿಯೇ ಉಪಾಯವುಂಟು. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೆಂದೇ ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು ರಚಿಸಿದ ನಿಘಂಟನ್ನು ಆಕ್ಸ್‌ಫರ್ಡ್ ಮುದ್ರಣಾಲಯ 1948ರಲ್ಲಿ ಪ್ರಕಟಿಸಿತು. ಅದರ ಪರಿಷ್ಕೃತ ಆವೃತ್ತಿಗಳು ಇಂದಿಗೂ ದೊರೆಯುತ್ತವೆ. ಪದದ ಅರ್ಥವನ್ನಷ್ಟೇ ನೋಡಿ ಪುಸ್ತಕ ಮುಚ್ಚದೆ, ಕೆಳಗಿನ ಉದಾಹರಣೆ ವಾಕ್ಯಗಳನ್ನೂ ಓದಬೇಕು. ಯಾವ ಪದದ ಮುಂದೆ ಯಾವುದು ಬರುತ್ತದೆ, ಯಾವುದು ಬಾರದು ಎಂಬ ಗುಟ್ಟು ಅಲ್ಲಿದೆ.

ಕಡೆಗೊಂದು ಪರೀಕ್ಷೆ: ಬರೆದ ಕಾಗದವನ್ನು ಒಂದು ರಾತ್ರಿ ಹಾಗೆಯೇ ಇಟ್ಟು, ಮರುದಿನ ಬರೆದವನಾಗಿ ಅಲ್ಲ, ಪಡೆದವನಾಗಿ ಓದಬೇಕು. ಎಲ್ಲಿ ಕಣ್ಣು ತಡವರಿಸುತ್ತದೆಯೋ ಅಲ್ಲಿ ಸರಳವಾದ ಮಾತನ್ನು ಇಡಬೇಕು. ಅರ್ಜಿಯ ಬೆನ್ನಿಗೆ ನಿಂತು ಅರ್ಥ ಹೇಳಲು ಅರ್ಜಿದಾರನು ಅಲ್ಲಿ ಇರುವುದಿಲ್ಲವಷ್ಟೆ!