ಭಾರತದ ಒಕ್ಕೂಟ ವ್ಯವಸ್ಥೆ

ಭಾರತದ ಒಕ್ಕೂಟ ವ್ಯವಸ್ಥೆ ಎಂಬುದು ಭಾರತದ ಸಂವಿಧಾನವು ಕೇಂದ್ರ ಸರ್ಕಾರ ಮತ್ತು ರಾಜ್ಯ ಸರ್ಕಾರಗಳ ನಡುವೆ ಶಾಸನ, ಆಡಳಿತ ಮತ್ತು ಹಣಕಾಸಿನ ಅಧಿಕಾರಗಳನ್ನು ಹಂಚಿರುವ ಏರ್ಪಾಡು. ಇದನ್ನು ಸಂಯುಕ್ತ ವ್ಯವಸ್ಥೆ ಎಂದೂ ಕರೆಯುತ್ತಾರೆ. ಇದರಲ್ಲಿ ಎರಡೂ ಹಂತದ ಸರ್ಕಾರಗಳು ತಮ್ಮ ಅಧಿಕಾರವನ್ನು ನೇರವಾಗಿ ಸಂವಿಧಾನದಿಂದ ಪಡೆಯುತ್ತವೆ. ರಾಜ್ಯಗಳ ಅಧಿಕಾರವು ಕೇಂದ್ರವು ಕೊಟ್ಟು ಹಿಂಪಡೆಯಬಹುದಾದ ಅನುಗ್ರಹವಲ್ಲ. ಆದರೂ ಹಲವು ವಿಷಯಗಳಲ್ಲಿ ತಕ್ಕಡಿಯು ಕೇಂದ್ರದ ಕಡೆಗೆ ವಾಲಿರುವುದರಿಂದ ರಾಜಕೀಯ ಶಾಸ್ತ್ರಜ್ಞ ಕೆ. ಸಿ. ವೇರ್ ಇದನ್ನು ಅರೆ-ಒಕ್ಕೂಟ ವ್ಯವಸ್ಥೆ ಎಂದು ವರ್ಣಿಸಿದರು.

ಹಿನ್ನೆಲೆ

ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ವಿಂಗಡಿಸುವ ಕ್ರಮವು 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದದ್ದು. ಬ್ರಿಟಿಷ್ ಪ್ರಾಂತ್ಯಗಳನ್ನೂ ದೇಶೀಯ ಸಂಸ್ಥಾನಗಳನ್ನೂ ಒಂದು ಒಕ್ಕೂಟಕ್ಕೆ ತರುವುದು ಆ ಕಾಯ್ದೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಅಗತ್ಯ ಸಂಖ್ಯೆಯ ಸಂಸ್ಥಾನಗಳು ಸೇರದ ಕಾರಣ ಆ ಒಕ್ಕೂಟ ಅಸ್ತಿತ್ವಕ್ಕೆ ಬರಲಿಲ್ಲ. ಆದರೆ ಪಟ್ಟಿಗಳ ಮಾದರಿಯನ್ನು ಸಂವಿಧಾನ ರಚನಾ ಸಭೆ ವಿಸ್ತರಿಸಿ ಬಳಸಿಕೊಂಡಿತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 1ನೆಯ ವಿಧಿಯು ಭಾರತವನ್ನು ರಾಜ್ಯಗಳ ಒಕ್ಕೂಟವೆಂದು ಹೇಳುತ್ತದೆ. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಬಿ. ಆರ್. ಅಂಬೇಡ್ಕರ್ ಈ ಪದದ ಆಯ್ಕೆಗೆ ಕಾರಣ ನೀಡಿದ್ದರು. ಭಾರತದ ಒಕ್ಕೂಟವು ರಾಜ್ಯಗಳು ಪರಸ್ಪರ ಮಾಡಿಕೊಂಡ ಒಪ್ಪಂದದ ಫಲವಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಅದರಿಂದ ಹೊರಹೋಗುವ ಹಕ್ಕಿಲ್ಲ ಎಂಬುದು ಅವರ ವಿವರಣೆಯ ಸಾರ. ಅಮೆರಿಕದ ಒಕ್ಕೂಟವು ಮೊದಲೇ ಪ್ರತ್ಯೇಕವಾಗಿದ್ದ ರಾಜ್ಯಗಳು ಕೂಡಿ ರಚಿಸಿಕೊಂಡದ್ದು. ಭಾರತದಲ್ಲಿ, ಇದಕ್ಕೆ ಬದಲಾಗಿ, 3ನೆಯ ವಿಧಿಯ ಪ್ರಕಾರ ರಾಜ್ಯಗಳ ಗಡಿ, ವಿಸ್ತೀರ್ಣ ಮತ್ತು ಹೆಸರನ್ನು ಸಂಸತ್ತು ಸಾಮಾನ್ಯ ಬಹುಮತದ ಕಾನೂನಿನಿಂದ ಬದಲಿಸಬಹುದು. ಸಂಬಂಧಿಸಿದ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಆದರೆ ಅದಕ್ಕೆ ಸಂಸತ್ತು ಬದ್ಧವಲ್ಲ. 1956ರ ರಾಜ್ಯಗಳ ಪುನರ್ವಿಂಗಡಣೆ, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಮತ್ತು 2014ರ ತೆಲಂಗಾಣ ರಚನೆ ಈ ವಿಧಿಯ ಅಡಿಯಲ್ಲಿ ನಡೆದವು.

ಶಾಸನಾಧಿಕಾರದ ಹಂಚಿಕೆ

ಸಂವಿಧಾನದ 246ನೆಯ ವಿಧಿ ಮತ್ತು ಏಳನೆಯ ಅನುಸೂಚಿಯು ಕಾನೂನು ರಚನೆಯ ವಿಷಯಗಳನ್ನು ಮೂರು ಪಟ್ಟಿಗಳಲ್ಲಿ ವಿಂಗಡಿಸಿವೆ.

ಕೇಂದ್ರ ಪಟ್ಟಿ: ರಕ್ಷಣೆ, ವಿದೇಶಾಂಗ ವ್ಯವಹಾರ, ರೈಲ್ವೆ, ಅಂಚೆ, ನಾಣ್ಯ ಮತ್ತು ಚಲಾವಣೆ, ಪರಮಾಣು ಶಕ್ತಿ ಮುಂತಾದವು. ಮೂಲದಲ್ಲಿ 97 ವಿಷಯಗಳಿದ್ದವು. ಇವುಗಳ ಬಗ್ಗೆ ಸಂಸತ್ತು ಮಾತ್ರ ಕಾನೂನು ಮಾಡಬಹುದು.

ರಾಜ್ಯ ಪಟ್ಟಿ: ಸಾರ್ವಜನಿಕ ಸುವ್ಯವಸ್ಥೆ, ಪೊಲೀಸು, ಸಾರ್ವಜನಿಕ ಆರೋಗ್ಯ, ಕೃಷಿ, ಭೂಮಿ, ಸ್ಥಳೀಯ ಆಡಳಿತ ಮುಂತಾದವು. ಮೂಲದಲ್ಲಿ 66 ವಿಷಯಗಳಿದ್ದವು. ಸಾಮಾನ್ಯ ಸಂದರ್ಭದಲ್ಲಿ ಇವು ರಾಜ್ಯ ಶಾಸಕಾಂಗಕ್ಕೆ ಮೀಸಲು.

ಸಮವರ್ತಿ ಪಟ್ಟಿ: ಅಪರಾಧ ಕಾನೂನು, ವಿವಾಹ ಮತ್ತು ವಿಚ್ಛೇದನ, ಕರಾರುಗಳು, ಕಾರ್ಮಿಕ ಕಲ್ಯಾಣ, ವಿದ್ಯುಚ್ಛಕ್ತಿ ಮುಂತಾದವು. ಮೂಲದಲ್ಲಿ 47 ವಿಷಯಗಳಿದ್ದವು. ಇವುಗಳ ಬಗ್ಗೆ ಸಂಸತ್ತೂ ರಾಜ್ಯ ಶಾಸಕಾಂಗವೂ ಕಾನೂನು ಮಾಡಬಹುದು.

ತಿದ್ದುಪಡಿಗಳಿಂದ ಪಟ್ಟಿಗಳು ಬದಲಾಗಿವೆ. 1976ರ 42ನೆಯ ತಿದ್ದುಪಡಿಯು ಶಿಕ್ಷಣ, ಅರಣ್ಯ, ವನ್ಯಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆ, ತೂಕ ಮತ್ತು ಅಳತೆ, ನ್ಯಾಯಾಡಳಿತ ಎಂಬ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ವರ್ಗಾಯಿಸಿತು. ಶಿಕ್ಷಣ ನೀತಿ ಮತ್ತು ವೈದ್ಯಕೀಯ ಪ್ರವೇಶ ಪರೀಕ್ಷೆಗಳ ಕುರಿತು ಕೇಂದ್ರ ಮತ್ತು ಕೆಲವು ರಾಜ್ಯಗಳ ನಡುವೆ ಇಂದಿಗೂ ನಡೆಯುವ ವಾದದಲ್ಲಿ ಈ ವರ್ಗಾವಣೆಯು ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ.

ಯಾವ ಪಟ್ಟಿಯಲ್ಲೂ ಇಲ್ಲದ ವಿಷಯಗಳ ಮೇಲಿನ ಶೇಷಾಧಿಕಾರವನ್ನು 248ನೆಯ ವಿಧಿಯು ಸಂಸತ್ತಿಗೆ ನೀಡಿದೆ. ಕೆನಡಾದ ಕ್ರಮವೂ ಹೀಗೆಯೇ ಇದೆ. ಅಮೆರಿಕದಲ್ಲಿ ಶೇಷಾಧಿಕಾರವು ರಾಜ್ಯಗಳಿಗೂ ಜನರಿಗೂ ಸೇರಿದೆ.

ಕಾನೂನುಗಳ ಘರ್ಷಣೆ

ಸಮವರ್ತಿ ಪಟ್ಟಿಯ ಒಂದೇ ವಿಷಯದ ಮೇಲೆ ಕೇಂದ್ರ ಮತ್ತು ರಾಜ್ಯದ ಕಾನೂನುಗಳು ಪರಸ್ಪರ ವಿರುದ್ಧವಾಗಿದ್ದರೆ, 254ನೆಯ ವಿಧಿಯಂತೆ ಕೇಂದ್ರದ ಕಾನೂನು ಊರ್ಜಿತವಾಗುತ್ತದೆ. ಇದಕ್ಕೆ ಒಂದು ಅಪವಾದವಿದೆ. ರಾಜ್ಯದ ವಿಧೇಯಕವನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿ ಅವರ ಅಂಕಿತ ಪಡೆದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ. ಆ ಬಳಿಕವೂ ಸಂಸತ್ತು ಹೊಸ ಕಾನೂನಿನ ಮೂಲಕ ಅದನ್ನು ಬದಲಿಸಬಹುದು ಅಥವಾ ರದ್ದುಪಡಿಸಬಹುದು.

ಕರಾವಳಿ ಕರ್ನಾಟಕದ ಕಂಬಳ ಈ ಅಪವಾದಕ್ಕೆ ಉದಾಹರಣೆಯಾಗಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯು ಸಮವರ್ತಿ ಪಟ್ಟಿಯ ವಿಷಯ. ಅದರ ಬಗ್ಗೆ 1960ರ ಕೇಂದ್ರ ಕಾಯ್ದೆಯಿದೆ. ತಮಿಳುನಾಡಿನ ಜಲ್ಲಿಕಟ್ಟಿನ ವಿರುದ್ಧ 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಿಂದ ಕಂಬಳಕ್ಕೂ ಅಡ್ಡಿಯಾಯಿತು. ಆಗ ಕರ್ನಾಟಕವು ಕೇಂದ್ರ ಕಾಯ್ದೆಗೆ ರಾಜ್ಯದ ಮಟ್ಟಿಗೆ ಅನ್ವಯವಾಗುವ ತಿದ್ದುಪಡಿ ತಂದು ರಾಷ್ಟ್ರಪತಿಯವರ ಅಂಕಿತ ಪಡೆಯಿತು. ತಮಿಳುನಾಡು ಮತ್ತು ಮಹಾರಾಷ್ಟ್ರಗಳೂ ಇಂಥದೇ ತಿದ್ದುಪಡಿ ಮಾಡಿದವು. 2023ರ ಮೇ 18ರಂದು ಸಂವಿಧಾನ ಪೀಠವು ಮೂರೂ ರಾಜ್ಯಗಳ ಕಾನೂನುಗಳನ್ನು ಎತ್ತಿಹಿಡಿಯಿತು.

ರಾಜ್ಯ ಪಟ್ಟಿಯ ಮೇಲೆ ಸಂಸತ್ತಿನ ಅಧಿಕಾರ

ಕೆಲವು ಸಂದರ್ಭಗಳಲ್ಲಿ ಸಂಸತ್ತು ರಾಜ್ಯ ಪಟ್ಟಿಯ ವಿಷಯಗಳ ಮೇಲೂ ಕಾನೂನು ಮಾಡಬಹುದು. ರಾಷ್ಟ್ರಹಿತಕ್ಕೆ ಅಗತ್ಯವೆಂದು ರಾಜ್ಯಸಭೆಯು ಹಾಜರಿದ್ದು ಮತ ಚಲಾಯಿಸಿದ ಸದಸ್ಯರ ಮೂರನೆಯ ಎರಡರಷ್ಟು ಬಹುಮತದಿಂದ ನಿರ್ಣಯಿಸಿದಾಗ (249ನೆಯ ವಿಧಿ), ತುರ್ತು ಪರಿಸ್ಥಿತಿ ಜಾರಿಯಲ್ಲಿರುವಾಗ (250), ಎರಡು ಅಥವಾ ಹೆಚ್ಚು ರಾಜ್ಯಗಳು ಕೋರಿದಾಗ (252) ಮತ್ತು ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೊಳಿಸಬೇಕಾದಾಗ (253) ಈ ಅಧಿಕಾರ ದೊರೆಯುತ್ತದೆ.

ಹಣಕಾಸಿನ ಹಂಚಿಕೆ

ಆದಾಯ ತೆರಿಗೆ, ಕಂಪನಿ ತೆರಿಗೆ ಮತ್ತು ಆಮದು ಸುಂಕದಂತಹ ಹೆಚ್ಚು ವರಮಾನದ ತೆರಿಗೆಗಳು ಕೇಂದ್ರದ ಕೈಯಲ್ಲಿವೆ. ಆಸ್ಪತ್ರೆ, ಶಾಲೆ, ಪೊಲೀಸು, ನೀರಾವರಿ ಮೊದಲಾದ ಹೆಚ್ಚು ವೆಚ್ಚದ ಹೊಣೆಗಳು ರಾಜ್ಯಗಳ ಮೇಲಿವೆ. ಈ ಅಂತರವನ್ನು ತುಂಬಲು 280ನೆಯ ವಿಧಿಯ ಪ್ರಕಾರ ಐದು ವರ್ಷಗಳಿಗೊಮ್ಮೆ ಅಥವಾ ಅದಕ್ಕೂ ಮೊದಲು ಹಣಕಾಸು ಆಯೋಗವನ್ನು ರಚಿಸಲಾಗುತ್ತದೆ. ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳೆಲ್ಲಕ್ಕೆ ಸೇರಿ ಎಷ್ಟು ಪಾಲು ಹೋಗಬೇಕು ಮತ್ತು ಆ ಪಾಲನ್ನು ರಾಜ್ಯಗಳ ನಡುವೆ ಹೇಗೆ ಹಂಚಬೇಕು ಎಂಬ ಎರಡು ಪ್ರಶ್ನೆಗಳಿಗೂ ಆಯೋಗವು ಶಿಫಾರಸು ನೀಡುತ್ತದೆ.

14ನೆಯ ಹಣಕಾಸು ಆಯೋಗವು ರಾಜ್ಯಗಳ ಒಟ್ಟು ಪಾಲನ್ನು ಶೇ. 42 ಎಂದೂ, 15ನೆಯ ಆಯೋಗವು ಶೇ. 41 ಎಂದೂ ಸೂಚಿಸಿದವು. 15ನೆಯ ಆಯೋಗದ ಸೂತ್ರದಲ್ಲಿ ಅತಿ ಹೆಚ್ಚು ತೂಕ, ಅಂದರೆ ಶೇ. 45, ತಲಾ ಆದಾಯದ ಅಂತರಕ್ಕೆ ಇತ್ತು. ತಲಾ ಆದಾಯ ಕಡಿಮೆಯಿರುವ ರಾಜ್ಯಕ್ಕೆ ಇದರಿಂದ ಹೆಚ್ಚು ಪಾಲು ಸಿಗುತ್ತದೆ. ಆ ಸೂತ್ರದಂತೆ ಹಂಚಿಕೆಯಾಗುವ ಮೊತ್ತದಲ್ಲಿ ಕರ್ನಾಟಕದ ಪಾಲು ಶೇ. 4.713ರಿಂದ ಶೇ. 3.647ಕ್ಕೆ ಇಳಿಯಿತು. ಹೆಚ್ಚು ತೆರಿಗೆ ಸಂಗ್ರಹವಾಗುವ ರಾಜ್ಯಗಳಿಗೆ ಅದಕ್ಕೆ ತಕ್ಕಷ್ಟು ಮರಳಬೇಕು ಎಂಬುದು ಒಂದು ವಾದ. ಹಿಂದುಳಿದ ಪ್ರದೇಶದ ನಾಗರಿಕನಿಗೂ ಸಮಾನ ಸೇವೆ ಸಿಗುವಂತೆ ಮಾಡುವುದು ಒಕ್ಕೂಟದ ಕರ್ತವ್ಯ ಎಂಬುದು ಇನ್ನೊಂದು ವಾದ. ಇದಲ್ಲದೆ, ಕೇಂದ್ರವು ವಿಧಿಸುವ ಉಪಕರ ಮತ್ತು ಮೇಲ್ತೆರಿಗೆಗಳನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ. ಇವುಗಳ ಪ್ರಮಾಣ ಹೆಚ್ಚಿದಂತೆ ಹಂಚಿಕೆಗೆ ದೊರೆಯುವ ಭಾಗ ಕುಗ್ಗುತ್ತದೆ ಎಂಬುದು ರಾಜ್ಯಗಳ ಆಕ್ಷೇಪ.

101ನೆಯ ತಿದ್ದುಪಡಿಯ ಮೂಲಕ 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಜಾರಿಗೆ ಬಂದಿತು. ಇದರಿಂದ ಮೌಲ್ಯವರ್ಧಿತ ತೆರಿಗೆ, ಪ್ರವೇಶ ತೆರಿಗೆ ಮುಂತಾದ ರಾಜ್ಯ ತೆರಿಗೆಗಳೂ ಅಬಕಾರಿ ಸುಂಕ, ಸೇವಾ ತೆರಿಗೆ ಮುಂತಾದ ಕೇಂದ್ರ ತೆರಿಗೆಗಳೂ ಬಹುಪಾಲು ಒಂದರಲ್ಲಿ ಲೀನವಾದವು. ದರಗಳನ್ನು ಶಿಫಾರಸು ಮಾಡುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದರಷ್ಟು, ಎಲ್ಲ ರಾಜ್ಯಗಳ ಮತಗಳಿಗೆ ಮೂರನೆಯ ಎರಡರಷ್ಟು ತೂಕವಿದೆ. ತೀರ್ಮಾನಕ್ಕೆ ನಾಲ್ಕನೆಯ ಮೂರರಷ್ಟು ಬಹುಮತ ಬೇಕು. ಆದುದರಿಂದ ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯಗಳಾಗಲಿ, ರಾಜ್ಯಗಳ ಬೆಂಬಲವಿಲ್ಲದೆ ಕೇಂದ್ರವಾಗಲಿ ನಿರ್ಣಯ ಕೈಗೊಳ್ಳಲಾಗದು. ಮಂಡಳಿಯ ಶಿಫಾರಸುಗಳು ಶಾಸಕಾಂಗಗಳನ್ನು ಕಟ್ಟಿಹಾಕುವುದಿಲ್ಲ ಎಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು.

ರಾಷ್ಟ್ರಪತಿ ಆಳ್ವಿಕೆ ಮತ್ತು ಬೊಮ್ಮಾಯಿ ಪ್ರಕರಣ

ರಾಜ್ಯದ ಆಡಳಿತವು ಸಂವಿಧಾನದಂತೆ ನಡೆಯಲಾರದ ಸ್ಥಿತಿ ಒದಗಿದೆ ಎಂದು ರಾಷ್ಟ್ರಪತಿಯವರಿಗೆ ಮನವರಿಕೆಯಾದರೆ 356ನೆಯ ವಿಧಿಯ ಅಡಿಯಲ್ಲಿ ರಾಜ್ಯದ ಆಡಳಿತವನ್ನು ಕೇಂದ್ರವು ವಹಿಸಿಕೊಳ್ಳಬಹುದು. ಅಪರೂಪಕ್ಕೆ ಮಾತ್ರ ಬಳಸಬೇಕೆಂದು ಸೇರಿಸಿದ್ದ ಈ ವಿಧಿಯನ್ನು ವಿರೋಧ ಪಕ್ಷಗಳ ಸರ್ಕಾರಗಳನ್ನು ತೆಗೆಯಲು ಹಲವು ಬಾರಿ ಬಳಸಲಾಯಿತು.

1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್. ಆರ್. ಬೊಮ್ಮಾಯಿ ನೇತೃತ್ವದ ಜನತಾದಳ ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತ ಉಳಿದಿಲ್ಲವೆಂದು ರಾಜ್ಯಪಾಲರು ವರದಿ ನೀಡಿದ್ದರು. ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಮುಖ್ಯಮಂತ್ರಿ ತಿಳಿಸಿದರೂ ಅವಕಾಶ ದೊರೆಯಲಿಲ್ಲ. ಈ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ತೀರ್ಪು ನೀಡಿತು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕು, ರಾಷ್ಟ್ರಪತಿಯವರ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಸಂಸತ್ತಿನ ಎರಡೂ ಸದನಗಳು ಘೋಷಣೆಯನ್ನು ಅನುಮೋದಿಸುವ ತನಕ ವಿಧಾನಸಭೆಯನ್ನು ವಿಸರ್ಜಿಸಬಾರದು ಎಂಬವು ತೀರ್ಪಿನ ಮುಖ್ಯ ಅಂಶಗಳು. ಒಕ್ಕೂಟ ತತ್ವವು ಸಂವಿಧಾನದ ಮೂಲ ಸ್ವರೂಪದ ಭಾಗವೆಂಬ ನಿಲುವೂ ಈ ತೀರ್ಪಿನಿಂದ ಗಟ್ಟಿಗೊಂಡಿತು. ಕರ್ನಾಟಕದ ಘೋಷಣೆಯು ಅಸಾಂವಿಧಾನಿಕವೆಂದು ನಿರ್ಣಯವಾದರೂ, ಅಷ್ಟರಲ್ಲಿ ಚುನಾವಣೆ ನಡೆದು ಹೊಸ ಸರ್ಕಾರ ಬಂದಿದ್ದರಿಂದ ಹಳೆಯ ಸರ್ಕಾರ ಮರಳುವಂತಿರಲಿಲ್ಲ. ತೀರ್ಪಿನ ನಂತರ 356ನೆಯ ವಿಧಿಯ ಬಳಕೆ ಗಣನೀಯವಾಗಿ ಕಡಿಮೆಯಾಯಿತು.

ಅಂತರರಾಜ್ಯ ವಿವಾದಗಳು

ಕೇಂದ್ರ ಮತ್ತು ರಾಜ್ಯಗಳ ನಡುವಿನ ಅಥವಾ ರಾಜ್ಯ ರಾಜ್ಯಗಳ ನಡುವಿನ ಕಾನೂನು ವಿವಾದಗಳನ್ನು 131ನೆಯ ವಿಧಿಯಂತೆ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ಯಬಹುದು. ನದಿನೀರಿಗೆ ಬೇರೆ ಏರ್ಪಾಡಿದೆ. ನೀರು ರಾಜ್ಯ ಪಟ್ಟಿಯಲ್ಲಿದ್ದರೂ ಅಂತರರಾಜ್ಯ ನದಿಗಳ ನಿಯಂತ್ರಣವು ಕೇಂದ್ರ ಪಟ್ಟಿಯಲ್ಲಿದೆ; 262ನೆಯ ವಿಧಿ ಮತ್ತು 1956ರ ಕಾಯ್ದೆಯಂತೆ ಇಂಥ ವಿವಾದಗಳಿಗೆ ನ್ಯಾಯಮಂಡಳಿ ರಚಿಸಲಾಗುತ್ತದೆ. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿಯು 2007ರಲ್ಲಿ ಅಂತಿಮ ತೀರ್ಪು ನೀಡಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿ ಅಡಿಗೆ ಏರಿಸಿ, ತಮಿಳುನಾಡಿನ ಪಾಲನ್ನು 404.25 ಟಿಎಂಸಿ ಅಡಿಗೆ ನಿಗದಿಪಡಿಸಿತು. ಹೆಚ್ಚುವರಿಯಲ್ಲಿ 4.75 ಟಿಎಂಸಿ ಅಡಿ ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಗಮನಿಸಿ ನೀಡಿದ್ದು. ತೀರ್ಪಿನ ಪಾಲನೆಗಾಗಿ ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು.

ಪರಿಶೀಲನೆ ಮತ್ತು ಬದಲಾವಣೆ

ಕೇಂದ್ರ-ರಾಜ್ಯ ಸಂಬಂಧಗಳ ಪರಿಶೀಲನೆಗಾಗಿ 1983ರಲ್ಲಿ ಸರ್ಕಾರಿಯಾ ಆಯೋಗವನ್ನೂ 2007ರಲ್ಲಿ ಪುಂಛಿ ಆಯೋಗವನ್ನೂ ನೇಮಿಸಲಾಯಿತು. ಸರ್ಕಾರಿಯಾ ಆಯೋಗದ ಶಿಫಾರಸಿನ ನಂತರ 263ನೆಯ ವಿಧಿಯ ಅಡಿಯಲ್ಲಿ ಅಂತರರಾಜ್ಯ ಮಂಡಳಿ 1990ರಲ್ಲಿ ಸ್ಥಾಪನೆಯಾಯಿತು. ಏಳನೆಯ ಅನುಸೂಚಿಯ ಪಟ್ಟಿಗಳು, ರಾಜ್ಯಸಭೆಯಲ್ಲಿ ರಾಜ್ಯಗಳ ಪ್ರಾತಿನಿಧ್ಯ ಮುಂತಾದ ಒಕ್ಕೂಟ ಸಂಬಂಧಿ ವಿಷಯಗಳಿಗೆ ತಿದ್ದುಪಡಿ ತರಲು ಸಂಸತ್ತಿನ ವಿಶೇಷ ಬಹುಮತ ಮಾತ್ರ ಸಾಲದು. 368ನೆಯ ವಿಧಿಯಂತೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಅನುಮೋದನೆಯೂ ಬೇಕು.

ನ್ಯಾಯಾಲಯದ ವ್ಯಾಖ್ಯಾನದಿಂದಲೂ ಅಧಿಕಾರದ ಗೆರೆ ಸರಿಯುತ್ತದೆ. ಗಣಿಗಾರಿಕೆಯ ರಾಜಧನವು ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 8-1ರ ಬಹುಮತದಿಂದ ತೀರ್ಪಿತ್ತಿತು. ಆದರೆ ಖನಿಜ ಅಭಿವೃದ್ಧಿಯ ದೃಷ್ಟಿಯಿಂದ ಈ ಅಧಿಕಾರಕ್ಕೆ ಮಿತಿ ಹಾಕುವ ಕಾನೂನನ್ನು ಸಂಸತ್ತು ಮಾಡಬಹುದು.